ಎರಡನೆಯ ಏರು

ಅಂಗಿಯ ಜೇಬಿನಲ್ಲಿದ್ದ ಮಾತ್ರೆಯ ಖಾಲಿ ಪಟ್ಟಿ ಅವನು ಉಸಿರೆಳೆದಾಗಲೆಲ್ಲ ಚರಕ್ ಎನ್ನುತ್ತಿತ್ತು. ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರಿಗೆ ಕೇಳಿಸುವಂಥ ಸದ್ದೇನೂ ಅದಲ್ಲ. ಆದರೂ ಪಕ್ಕದ ಸೀಟಿನವನು ಪತ್ರಿಕೆಯಿಂದ ಕಣ್ಣೆತ್ತಿದಾಗ ಅವನ ಕೈ ತಾನಾಗಿ ಜೇಬಿನ ಮೇಲೆ ಹೋಗಿ ಕೂತಿತು. "ಏನ್ರೀ, ಎದೆ ನೋವಾ?" ಎಂದು ಪಕ್ಕದವನು ಗಾಬರಿಯಾದ. "ಇಲ್ಲಪ್ಪ, ನಾನು ನಾರ್ಮಲ್" ಎಂದುಬಿಟ್ಟು, ಹಾಗೆಂದದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡ. ಹನ್ನೊಂದು ವರ್ಷ ಅದೇ ಮಾತು ಅವನ ಕೆಲಸವಾಗಿತ್ತು, ಕಿರೀಟವಾಗಿತ್ತು, ಅಡ್ಡಹೆಸರೂ ಆಗಿತ್ತು. ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಗೇಟಿನ ಕಾವಲಿನವನಿಂದ ಹಿಡಿದು ಮುಖ್ಯ ವೈದ್ಯರವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ನಾರ್ಮಲ್ಲಪ್ಪ ಎಂದೇ. ಪ್ಲೇಟ್‌ಲೆಟ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಕಣಗಳ ಪರೀಕ್ಷೆ ನಡೆಯುವ ದಿನ ರೋಗಿಯ ರಕ್ತದ ಪಕ್ಕದಲ್ಲಿ ಒಬ್ಬ ಆರೋಗ್ಯವಂತನ ರಕ್ತವನ್ನೂ ಇಡಬೇಕು. ಸೊಟ್ಟ ಯಾವುದೆಂದು ತಿಳಿಯಲು ಪಕ್ಕದಲ್ಲೊಂದು ನೆಟ್ಟಗಿನದು ಬೇಕಲ್ಲ, ಹಾಗೆ. ಕಂಟ್ರೋಲ್ ಎಂದು ಕರೆಯುವ ಆ ನೆಟ್ಟಗಿನ ರಕ್ತ ಅವನದು. ಪರೀಕ್ಷೆಯ ಯಂತ್ರದಲ್ಲಿ ಅವನ ರಕ್ತ ಬರೆದ ಗೆರೆಯೊಂದಕ್ಕೆ ಚೌಕಟ್ಟು ಹಾಕಿಸಿ ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದ್ದರು. ಮನೆಯಲ್ಲಿ ಅವನ ಮದುವೆಯ ಫೋಟೋಗೂ ಅಷ್ಟು ಒಳ್ಳೆಯ ಚೌಕಟ್ಟು ಸಿಕ್ಕಿರಲಿಲ್ಲ.

ಬೆಳಿಗ್ಗೆ ಹೆಂಡತಿ ಬಟ್ಟೆ ನೆನೆಹಾಕುವಾಗ ಜೇಬುಗಳನ್ನು ತಡಕಿ, ಒದ್ದೆ ಬೆರಳಲ್ಲಿ ಈ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಭಾನುವಾರದ ಅಂಗೀಲಿತ್ತು ಕಣ್ರೀ. ಅಕ್ಕನ ಮನೇಲಿ ತಗೊಂಡ್ರಲ್ಲ, ತಲೆನೋವಿಗೆ" ಎಂದಿದ್ದಳು. ಅವನು ಕನ್ನಡಕ ಹಾಕಿಕೊಂಡು ಓದಿದ್ದ. ಇರುವೆ ಸಾಲಿನಂಥ ಅಕ್ಷರ. ಆಸ್ಪಿರಿನ್. ಮತ್ತೊಮ್ಮೆ ಓದಿದ. ಇರುವೆಗಳು ಸಾಲು ಬದಲಿಸಲಿಲ್ಲ. "ಯಾಕ್ರೀ, ಡೇಟ್ ಆಗೋಗಿತ್ತಾ?" ಎಂದು ಅವಳು ಕೇಳುವಷ್ಟರಲ್ಲಿ ಕಾಫಿ ಲೋಟ ಬಿಟ್ಟು, ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಎದ್ದುಬಂದಿದ್ದ. ದಿನಕ್ಕೆ ಹತ್ತು ಜನ, ವರ್ಷಕ್ಕೆ ಇನ್ನೆಷ್ಟೋ ಜನ, ಅವರ ತೋಳಿಗೆ ಸೂಜಿ ತಾಕಿಸುವ ಮೊದಲು ಅವನು ಕೇಳುವ ಪ್ರಶ್ನೆ ಒಂದೇ: ಕಳೆದ ಹತ್ತು ದಿನದಲ್ಲಿ ಏನಾದರೂ ಮಾತ್ರೆ ತಗೊಂಡಿದ್ದೀರಾ? ತಲೆನೋವಿಗೆ, ಮೈಕೈ ನೋವಿಗೆ, ಅಂಗಡಿಯಲ್ಲಿ ಕೊಟ್ಟದ್ದು, ಪಕ್ಕದ ಮನೆಯವರು ಕೊಟ್ಟದ್ದು? ಹೀಗೆ ಅಡ್ಡಡ್ಡ, ಉದ್ದುದ್ದ ಕೇಳುತ್ತಾನೆ. ಮುದುಕಿಯರು ಬೈಯುತ್ತಾರೆ, ವಕೀಲರು ಕೂಡ ತಬ್ಬಿಬ್ಬಾಗುತ್ತಾರೆ. ಆದರೆ ನಾರ್ಮಲ್ಲಪ್ಪನನ್ನು ಮಾತ್ರ ಯಾರೂ ಕೇಳುವುದಿಲ್ಲ. ದೀಪದ ಬುಡಕ್ಕೆ ದೀಪ ಹಿಡಿಯುವವರು ಯಾರು.

ಕನ್ನಡಕ ಹಾಕಿಕೊಳ್ಳಬಹುದಿತ್ತು ಭಾನುವಾರವೇ. ಜೇಬಿನಲ್ಲೇ ಇತ್ತು. ಷಡ್ಡಕನ ಹೊಸ ಮನೆಯ ಹೊಸ ಸೋಫಾ ಎಷ್ಟು ಮೆತ್ತಗಿತ್ತೆಂದರೆ, ಕೂತವನು ಮಾತಿನ ಮಧ್ಯೆ ಎದ್ದು ಹೋಗಲಾರದಷ್ಟು ಒಳಗೆ ಹೂತು ಹೋಗುತ್ತಿದ್ದ. ಷಡ್ಡಕ ಕಟ್ಟಡದ ಕಂಟ್ರಾಕ್ಟರ್. ನಕ್ಕರೆ ಮನೆಯ ಗಾಜುಗಳೂ ಜೊತೆಗೆ ನಗುವಂಥ ಗಂಟಲು. "ನಮ್ಮ ಷಡ್ಡಕರದ್ದು ಸೊಳ್ಳೆ ಕೆಲಸ ಕಣ್ರೀ! ಬೆಳಿಗ್ಗೆ ಎದ್ದು ಹೋಗೋದು, ಜನರ ರಕ್ತ ಹೀರೋದು, ಸಾಯಂಕಾಲ ಮನೆಗೆ ಬರೋದು. ಒಂದೇ ವ್ಯತ್ಯಾಸ, ಸೊಳ್ಳೆಗೆ ಪೆನ್ಷನ್ ಇಲ್ಲ!" ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಒಂದು ಪಟ್ಟು ಜೋರಾಗಿಯೇ. ಅಷ್ಟೇ ಅಲ್ಲ, ಸೊಳ್ಳೆಯ ದನಿಯನ್ನೂ ಮಾಡಿ ತೋರಿಸಿದ, ಕಿವಿಯ ಹತ್ತಿರ ಬಂದು ಹೋಗಿ ಮತ್ತೆ ಬರುವಂತೆ. ಷಡ್ಡಕನ ಕಿರಿ ಮಗಳು ಚಪ್ಪಾಳೆ ತಟ್ಟಿದಳು. ಆ ನಗುವಿನ ಕೊನೆಯಲ್ಲಿ ತಲೆಯ ಎಡಭಾಗ ಸಿಡಿಯತೊಡಗಿತು. ಷಡ್ಡಕ ಅಂಗೈಯಲ್ಲಿ ಪಟ್ಟಿ ಹಿಡಿದು ಬಂದು, "ತಗೋ, ಕೊನೇ ಎರಡಿದೆ, ನುಂಗು" ಎಂದ. ಜೇಬಿಗೆ ಕೈ ಹೋಗಿತ್ತು, ಕನ್ನಡಕದ ಕಡ್ಡಿ ಬೆರಳಿಗೂ ಸಿಕ್ಕಿತ್ತು. ಆಗ ಷಡ್ಡಕ, "ಏನು, ಓದಿ ನುಂಗ್ತೀಯಾ? ಡಾಕ್ಟರಾ ನೀನು?" ಎಂದ. ಕೈ ಖಾಲಿಯಾಗಿ ಹೊರಬಂತು. ಎರಡನ್ನೂ ನೀರಿಲ್ಲದೆ ನುಂಗಿ, ಖಾಲಿ ಪಟ್ಟಿಯನ್ನು ಜೇಬಿಗೆ ತುರುಕಿ, ತೊಡೆ ತಟ್ಟಿ, "ನಮ್ಮಂಥೋರಿಗೆ ಓದೋದೇನಿದೆ" ಎಂದಿದ್ದ. ಇಷ್ಟೇ ಆದದ್ದು. ಕನ್ನಡಕ ಮೂಗಿನ ಮೇಲೇರಲು ಬೇಕಾದಷ್ಟು ಹೊತ್ತು.

ಬಸ್ಸು ಸೇತುವೆ ಹತ್ತಿತು. ಗಂಟೆ ಒಂಬತ್ತಾಗಿತ್ತು, ಹತ್ತಕ್ಕೆ ಆಪರೇಷನ್. ನಿನ್ನೆ ಸೋಮವಾರ ಆ ಆಪರೇಷನ್ನಿಗೆ ಮುಂಚಿನ ಪರೀಕ್ಷೆಗೆ ಬಂದಿದ್ದವಳು ಒಬ್ಬ ಟೈಲರಮ್ಮ. ಕತ್ತಿನ ಮುಂಭಾಗದಲ್ಲಿ ನಿಂಬೆಗಾತ್ರದ ಗಂಟು. ಥೈರಾಯ್ಡ್ ಎಂಬ ಗ್ರಂಥಿ ಊದಿತ್ತು, ಊದಿದ್ದರೂ ಅದರಿಂದ ಬರಬೇಕಾದ ಹಾರ್ಮೋನು ಸಾಲದಾಗಿತ್ತು. "ಸೂಜಿ ಚುಚ್ಚಿಕೊಂಡ್ರೆ ಅರ್ಧ ದಿನ ಒಸರುತ್ತೆ ಅಣ್ಣ. ಗಿರಾಕಿ ಬಟ್ಟೆಗೆಲ್ಲ ಕಲೆ. ಹೊಲಿಯೋದು ಬಿಟ್ಟು ಒಗೆಯೋದೇ ಆಗಿದೆ" ಎಂದು ಬಟ್ಟೆ ಸುತ್ತಿದ ಹೆಬ್ಬೆರಳು ತೋರಿಸಿದ್ದಳು. ಅವಳನ್ನು ಅಡ್ಡಡ್ಡ, ಉದ್ದುದ್ದ ಕೇಳಿದ್ದ. ಮಾತ್ರೆ ಇಲ್ಲ, ಕಷಾಯ ಇಲ್ಲ, ಏನೂ ಇಲ್ಲ. ರಬ್ಬರ್ ಪಟ್ಟಿಯನ್ನು ಬಿಗಿಯದೆ, ಮೊದಲ ಕೊಳವೆಯನ್ನು ಎಸೆದು, ಎರಡನೆಯದನ್ನು ಕುಲುಕದೆ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಸ್ಟ್ಯಾಂಡಿನಲ್ಲಿಟ್ಟಿದ್ದ. ಪ್ಲೇಟ್‌ಲೆಟ್ ಎಂದರೆ ಮುಟ್ಟಿದರೆ ಮುನಿ. ಕೈ ಒರಟಾದರೆ ಸಾಕು, ಗಾಯವಾಯಿತೆಂದು ತಿಳಿದು ಕೊಳವೆಯಲ್ಲೇ ಮುದ್ದೆ ಕಟ್ಟುತ್ತದೆ. ಅವನ ಕೈಯಲ್ಲಿ ಮಾತ್ರ ಅದು ನಿದ್ದೆ ಹೋಗುತ್ತಿತ್ತು. ಆ ಮಟ್ಟಿಗೆ ಅವನ ಜಂಬ ಸುಳ್ಳಲ್ಲ.

ಆಮೇಲೆ ತನ್ನ ರಕ್ತವನ್ನೂ ತೆಗೆಸಿಕೊಂಡು ಎರಡನ್ನೂ ಯಂತ್ರಕ್ಕೆ ಹಾಕಿ ಒಂದೊಂದು ಹನಿ ಅಡ್ರಿನಲಿನ್ ಬಿಟ್ಟಿದ್ದ. ಭಯವಾದಾಗ, ಸಿಟ್ಟು ಬಂದಾಗ, ಮೈಯೆಲ್ಲ ಹರಿದಾಡುವ ಆ ಹಾರ್ಮೋನು ಪ್ಲೇಟ್‌ಲೆಟ್ಟಿನ ಬಾಗಿಲನ್ನೂ ತಟ್ಟುತ್ತದೆ. ಬಾಗಿಲಿನಿಂದ ಒಳಕ್ಕೆ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ತಟ್ಟೆಯಂತೆ ತೆಪ್ಪಗಿದ್ದ ಕಣ ಮೈ ಮುರಿದು, ಮುಳ್ಳುಮುಳ್ಳಾಗಿ, ನೆರೆಯವನ ಕೈ ಹಿಡಿಯುತ್ತದೆ. ಅದನ್ನಳೆಯುವ ಯಂತ್ರದ ಗೆರೆ ಸ್ವಲ್ಪ ಮೇಲೇರುತ್ತದೆ. ಅದು ಮೊದಲ ಏರು. ಆಮೇಲೆ ಒಂದು ಕ್ಷಣ ಅನುಮಾನಿಸಿದ ಹಾಗೆ ನಿಲ್ಲುತ್ತದೆ. ಆ ನಿಲುಗಡೆಯಲ್ಲಿ ಕಣ ತನ್ನೊಳಗೇ ಒಂದು ರಸ ತಯಾರಿಸಿ ಹೊರಕ್ಕೆ ಚೆಲ್ಲಿ, ತಾನೇ ಕೂಗು ಹಾಕುತ್ತದೆ: ಬನ್ರೋ, ಎಲ್ಲ ಬನ್ರೋ! ಕೇಳಿದವರೆಲ್ಲ ಓಡಿಬಂದು ಕೂಡಿಕೊಳ್ಳುತ್ತಾರೆ, ಕದಡಿದ ನೀರು ತಿಳಿಯಾಗುತ್ತದೆ, ಗೆರೆ ಗುಡ್ಡ ಹತ್ತಿದಂತೆ ಹತ್ತುತ್ತದೆ. ಎರಡನೆಯ ಏರು. ಗೋಡೆಯ ಚೌಕಟ್ಟಿನಲ್ಲಿದ್ದದ್ದು ಅದೇ. ಆಸ್ಪಿರಿನ್ ಮಾಡುವುದು ಇಷ್ಟೇ: ಆ ಕೂಗುವ ಗಂಟಲನ್ನು ಕಟ್ಟುತ್ತದೆ. ಪ್ಲೇಟ್‌ಲೆಟ್ಟಿಗೆ ನ್ಯೂಕ್ಲಿಯಸ್ ಇಲ್ಲ, ಕಳೆದುಕೊಂಡದ್ದನ್ನು ಮತ್ತೆ ಮಾಡಿಕೊಳ್ಳುವ ವಿದ್ಯೆ ಇಲ್ಲ. ಒಮ್ಮೆ ಮೂಕವಾದದ್ದು ಬದುಕಿರುವ ಹತ್ತು ದಿನವೂ ಮೂಕವೇ.

ನಿನ್ನೆ ಎರಡು ಗೆರೆಗಳೂ ಮೊದಲ ಏರು ಏರಿ, ನಿಂತು, ಮೆಟ್ಟಿಲ ಮೇಲೆ ಏನೋ ಮರೆತವರಂತೆ ವಾಪಸ್ ಇಳಿದಿದ್ದವು. ಟೈಲರಮ್ಮನದೂ ಹಾಗೆ, ಅವನದೂ ಹಾಗೆ. ಕಿರಿ ಡಾಕ್ಟರು, ವಿಭಾಗಕ್ಕೆ ಬಂದು ಆರು ತಿಂಗಳಾದ, ರಕ್ತ ತೆಗೆಯುವುದನ್ನು ಅವನಿಂದಲೇ ಕಲಿತ ಹುಡುಗಿ, ಹುಬ್ಬು ಗಂಟಿಕ್ಕಿ, "ಗುರುಗಳೇ, ಇನ್ನೊಬ್ಬರ ಕಂಟ್ರೋಲ್ ಹಾಕಿ ನೋಡೋಣ್ವಾ?" ಎಂದಿದ್ದಳು. ಅವನು ನಕ್ಕಿದ್ದ. "ಮೇಡಂ, ಎರಡೂ ಒಟ್ಟಿಗೆ ಬಿದ್ದಿದೆ ಅಂದ್ರೆ ಬಿದ್ದಿರೋದು ರಕ್ತ ಅಲ್ಲ, ಔಷಧಿ. ಅಡ್ರಿನಲಿನ್ ಸೀಸೆ ಹಳೇದಾಗಿದೆ. ಇವರದು ನನ್ನ ಹಾಗೇ ಇದೆಯಲ್ಲ, ಅಷ್ಟು ಸಾಕು. ಹನ್ನೊಂದು ವರ್ಷದಿಂದ ನಿಂತಿರೋ ಗೆರೆ ಇದು, ಇದಕ್ಕೂ ಜಾಮೀನು ಬೇಕಾ?" ಲೆಕ್ಕ ತಪ್ಪಿರಲಿಲ್ಲ, ಪುಸ್ತಕ ಕೂಡ ಹಾಗೇ ಹೇಳುತ್ತದೆ. ಆಸ್ಪಿರಿನ್ನಿನ ಗುಟ್ಟು ರಟ್ಟು ಮಾಡುವ ಇನ್ನೊಂದು ಔಷಧಿ ತಿಂಗಳಿಂದ ಬಂದಿರಲಿಲ್ಲ. ಹುಡುಗಿ ಗೋಡೆಯ ಚೌಕಟ್ಟು ನೋಡಿದಳು, ಅವನ ಮುಖ ನೋಡಿದಳು, 'ರೋಗಿಯ ಪ್ಲೇಟ್‌ಲೆಟ್ ಕೆಲಸ ಕಂಟ್ರೋಲಿಗೆ ಸಮಾನ' ಎಂದು ಬರೆದು ಸಹಿ ಹಾಕಿದಳು. ಅವನು ಟೈಲರಮ್ಮನಿಗೆ, "ಏನೂ ಹೆದರಬೇಡಿ ತಾಯಿ, ನಿಮ್ಮ ರಕ್ತ ನನ್ನ ರಕ್ತ ಅವಳಿಜವಳಿ" ಎಂದಿದ್ದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತೆಳ್ಳಗಿನ ದನಿ ತೆಗೆದು, ಹುಬ್ಬು ಗಂಟಿಕ್ಕಿ, "ಇನ್ನೊಬ್ಬರ ಕಂಟ್ರೋಲ್ ಹಾಕಿ ನೋಡೋಣ್ವಾಆಆ?" ಎಂದು ಎಲ್ಲರನ್ನೂ ನಗಿಸಿದ್ದ. ನಗುವಿನ ಮಧ್ಯೆ ತಿರುಗಿದರೆ ಕೈತೊಳೆಯುವ ನಲ್ಲಿಯ ಹತ್ತಿರ ಅವಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಹೋದಳು. ಷಡ್ಡಕನ ಸೋಫಾದಲ್ಲಿ ಹೂತು ಕೂತಾಗ ತನ್ನ ಮುಖವೂ ಹಾಗೇ ಇದ್ದಿರಬೇಕು ಎಂದು ಅವನಿಗೆ ಈಗ, ಬಸ್ಸಿಳಿಯುವಾಗ, ಹೊಳೆಯಿತು.

ಪ್ರಯೋಗಾಲಯದ ಬಾಗಿಲು ತೆಗೆದವನು ದೀಪ ಹಾಕದೆಯೇ ನಿಂತ. ಕಿರಿ ಡಾಕ್ಟರು ಇನ್ನೂ ಬಂದಿರಲಿಲ್ಲ. ಅವನ ಎದೆ ಬಡಿದುಕೊಳ್ಳುತ್ತಿತ್ತು, ಅಂಗೈ ಬೆವರಿತ್ತು. ಬಂತಪ್ಪ ಅಡ್ರಿನಲಿನ್ ಎಂದುಕೊಂಡ. ಈಗ ಮೈಯೊಳಗೆ ಕೋಟಿ ಕೋಟಿ ಬಾಗಿಲು ತಟ್ಟುತ್ತಿದೆ, ಒಳಗಿರುವವರು ಎದ್ದು ಕೂತಿದ್ದಾರೆ, ಬಾಯಿ ತೆರೆದಿದ್ದಾರೆ, ದನಿ ಬರುತ್ತಿಲ್ಲ. ಟೈಲರಮ್ಮನ ಕತ್ತಿನಲ್ಲಿ ರಕ್ತ ನಿಲ್ಲದೆ ಹೋದರೆ ಚರ್ಮದ ಒಳಗೇ ತುಂಬಿಕೊಂಡು ಉಸಿರ ಕೊಳವೆಯನ್ನು ಅದುಮುತ್ತದೆ. ಅದು ಹೆಬ್ಬೆರಳಲ್ಲ, ಬಟ್ಟೆ ಸುತ್ತಿ ಸುಮ್ಮನಾಗಲು. ಗೋಡೆಯ ಮೇಲೆ ಅವನ ಗೆರೆ ಕತ್ತಲಲ್ಲೂ ಗುಡ್ಡ ಹತ್ತುತ್ತಿತ್ತು. ಒಂದು ದಾರಿ ಇತ್ತು. ಅವನ ಗಂಟಲಲ್ಲಿ ಈ ಆಸ್ಪತ್ರೆಯ ಎಲ್ಲರೂ ಇದ್ದರು. ಮುಖ್ಯ ವೈದ್ಯರು ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುವುದು ಅವನಷ್ಟು ಚೆನ್ನಾಗಿ ಅವರಿಗೇ ಬರುತ್ತಿರಲಿಲ್ಲ. ಫೋನೆತ್ತಿ, ಅವರ ದನಿಯಲ್ಲಿ ಆಪರೇಷನ್ ಕೋಣೆಗೆ, 'ಔಷಧಿ ಸೀಸೆ ಕೆಟ್ಟಿತ್ತು, ಆಪರೇಷನ್ ಮುಂದಕ್ಕೆ ಹಾಕಿ' ಎಂದರೆ ಆಯಿತು. ಟೈಲರಮ್ಮ ಬದುಕುತ್ತಾಳೆ, ಗೆರೆ ಗೋಡೆಯ ಮೇಲೆ ಉಳಿಯುತ್ತದೆ, ಹಾವೂ ಸಾಯದು, ಕೋಲೂ ಮುರಿಯದು. ಎತ್ತಿದ. ಆ ಕಡೆಯಿಂದ ಹಿರಿಯ ನರ್ಸಕ್ಕ ಹಲೋ ಎಂದರು. "ಉಹ್ಹು... ಉಹ್ಹುಂ... ನೋಡೀಮ್ಮಾ" ಎಂದು ಶುರುಮಾಡಿದ.

"ನಾರ್ಮಲ್ಲಪ್ಪನೋರೇ, ದೊಡ್ಡೋರು ಇಲ್ಲೇ ನನ್ನ ಎದುರಿಗೇ ನಿಂತಿದ್ದಾರೆ. ಬೆಳ್ ಬೆಳಿಗ್ಗೆ ಆಟ ಬೇಡ, ಕೈತುಂಬ ಕೆಲಸ ಇದೆ" ಎಂದು ನರ್ಸಕ್ಕ ಫೋನಿಟ್ಟರು.

ಅವನೂ ಫೋನಿಟ್ಟ. ಮತ್ತೆ ಮಾಡಿ ನಿಜ ಹೇಳಿದರೂ ಇನ್ನೊಂದು ಆಟವೆಂದೇ ತಿಳಿಯುತ್ತಾರೆ. ಇಷ್ಟು ವರ್ಷ ಎಲ್ಲರ ದನಿಯನ್ನೂ ಮಾಡಿ ಮಾಡಿ, ಫೋನಿನಲ್ಲಿ ನಂಬುವಂಥ ಸ್ವಂತ ದನಿಯೊಂದು ಅವನಿಗೆ ಉಳಿದಿರಲಿಲ್ಲ. ಎದುರಿಗೇ ಹೋಗಿ ನಿಲ್ಲಬೇಕು. ಹೊರಟ. ಮೂರು ಮಹಡಿ ಮೆಟ್ಟಿಲು ಹತ್ತುತ್ತ ಒಂದೊಂದು ಮಹಡಿಗೆ ಒಂದೊಂದು ದನಿಯಲ್ಲಿ ಮಾತು ಜೋಡಿಸಿಕೊಂಡ. ಮೊದಲ ಮಹಡಿಯಲ್ಲಿ ವಕೀಲನಂತೆ: ಸನ್ನಿವೇಶದ ಒತ್ತಡದಿಂದ. ಎರಡನೆಯದರಲ್ಲಿ ಷಡ್ಡಕನಂತೆ: ಏನ್ರೀ ಮಹಾ, ಒಂದು ಮಾತ್ರೆ! ಮೂರನೆಯದು ಮುಟ್ಟುವಾಗ ಏದುಸಿರಿಗೆ ಯಾವ ದನಿಯೂ ಸಿಗಲಿಲ್ಲ.

ಆಪರೇಷನ್ ಕೋಣೆಯ ಹೊರಗೆ ಟೈಲರಮ್ಮ ತಳ್ಳುಗಾಡಿಯ ಮೇಲೆ ಮಲಗಿದ್ದಳು. ಹಸಿರು ಗೌನು, ಕತ್ತಿನ ಮೇಲೆ ಪೆನ್ನಿನಲ್ಲಿ ಎಳೆದ ಗುರುತು. ಅವಳ ಗಂಡ ಅವಳ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಹಿಡಿದು ನಿಂತಿದ್ದ. "ಬಂದ್ರಾ ಅಣ್ಣ! ಇವರೇ ಕಣ್ರೀ, ನಂದೂ ಇವರದೂ ಒಂದೇ ರಕ್ತ ಅಂದೋರು" ಎಂದು ಅವಳು ಗಂಡನಿಗೆ ಹೇಳಿದಳು. ಗಂಡ ಕರವಸ್ತ್ರದ ಗಂಟಿನೊಂದಿಗೇ ಕೈಮುಗಿದ. ಆ ಕ್ಷಣಕ್ಕಿಂತ ಹೆಚ್ಚು ನಾಚಿಕೆಯ ಕ್ಷಣ ಅವನ ಬದುಕಿನಲ್ಲಿ ಬಂದಿರಲಿಲ್ಲ. ಷಡ್ಡಕನ ಸೋಫಾ ಅದರ ಮುಂದೆ ಸಿಂಹಾಸನ.

ಸರ್ಜನ್ ಕೈ ತೊಳೆಯಲು ಹೊರಟಿದ್ದರು. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳುವ ಮನುಷ್ಯ. ಅವನ ಗಂಟಲಿನ ಅತಿ ಜನಪ್ರಿಯ ಸರಕು. "ಏನ್ರೀ ನಾರ್ಮಲ್ಲಪ್ಪ, ಇಲ್ಲಿ ನಿಮಗೇನು ಕೆಲಸ? ಏನೂ ಇಲ್ಲ."

"ಇದೆ ಸರ್" ಎಂದ ಅವನು. ದನಿ ಸ್ವಲ್ಪ ಒಡೆದಿತ್ತು, ಯಾರದ್ದೋ ಅನಿಸಿತು. ತನ್ನದೇ ಎಂದು ಆಮೇಲೆ ಗೊತ್ತಾಯಿತು. "ಈಯಮ್ಮನ ನಿನ್ನೆ ರಿಪೋರ್ಟ್ ತಪ್ಪು. ನಾನು ಭಾನುವಾರ ಆಸ್ಪಿರಿನ್ ತಗೊಂಡಿದ್ದೆ, ಓದದೆ. ನನ್ನ ರಕ್ತ ಕೆಟ್ಟಿತ್ತು, ಅದರ ಪಕ್ಕ ಇಟ್ಟಿದ್ದಕ್ಕೆ ಇವರದು ಸರಿ ಅಂತ ಕಾಣ್ತು. ಇವರ ಪ್ಲೇಟ್‌ಲೆಟ್ ಕೆಲಸ ಮಾಡ್ತಿಲ್ಲ ಅಂತ ನನಗನ್ಸುತ್ತೆ. ಕತ್ತಿ ಇಡಬೇಡಿ ಸರ್."

"ಸಹಿ ಡಾಕ್ಟರದ್ದಿದೆ."

"ಅವರು ಇನ್ನೊಬ್ಬರ ರಕ್ತ ಇಡೋಣ ಅಂದ್ರು. ನಾನೇ ಬೇಡ ಅಂದೆ. ತಪ್ಪು ನಂದು, ಪೂರ್ತಿ ನಂದು." ಜೇಬಿನಿಂದ ಪಟ್ಟಿ ತೆಗೆದು ಕೊಟ್ಟ. ಚರಕ್ ಎಂದಿತು. ನರ್ಸಕ್ಕ ಇಣುಕಿ ನೋಡಿ ಒಳಗೆ ಸರಿದರು.

"ಹನ್ನೊಂದು ವರ್ಷದಿಂದ ಜನರಿಗೆ ಪ್ರಶ್ನೆ ಕೇಳ್ತಿದ್ದೀರಿ. ನಾಚಿಕೆ ಆಗಲ್ವಾ? ಆಗಲ್ಲ" ಎಂದರು ಸರ್ಜನ್, ಟೈಲರಮ್ಮನಿಗೂ ಅವಳ ಗಂಡನಿಗೂ ಕೇಳಿಸುವಷ್ಟು ಜೋರಾಗಿ.

"ಆಗುತ್ತೆ ಸರ್" ಎಂದ ಅವನು. ಸರ್ಜನ್ನರ ಪ್ರಶ್ನೆಗೆ ಬೇರೆಯವರು ಉತ್ತರ ಹೇಳಿದ್ದು ಅದೇ ಮೊದಲಿರಬೇಕು. ಅವರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮುಖಗವಸು ಕಿತ್ತು ಬುಟ್ಟಿಗೆಸೆದು, "ಮಧ್ಯಾಹ್ನದೊಳಗೆ ಮತ್ತೆ ಮಾಡಿ ಹೇಳಿ" ಎಂದರು.

ಟೈಲರಮ್ಮ ಎದ್ದು ಕೂತಳು. "ಹಂಗಾದ್ರೆ ನಾವಿಬ್ರೂ ಅವಳಿಜವಳಿ ಅಲ್ವಾ ಅಣ್ಣ?" ಅವನು ಬಗ್ಗಿ, ತಳ್ಳುಗಾಡಿಯ ಹಿಡಿ ಹಿಡಿದು, "ಅಲ್ಲ ತಾಯಿ. ನಂದು ನಾನೇ ಕೆಡಿಸ್ಕೊಂಡಿದ್ದು. ನಿಮ್ಮದು ಸರಿ ಮಾಡ್ಬಹುದು" ಎಂದ.

ಪ್ರಯೋಗಾಲಯದಲ್ಲಿ ಕಿರಿ ಡಾಕ್ಟರು ಕೋಟು ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಎಲ್ಲ ಹೇಳಿದ, ಸೋಫಾ ಸಮೇತ, ಕ್ಯಾಂಟೀನ್ ಸಮೇತ. ಅವಳು ಕೋಟಿನ ತೋಳು ಮೇಲಕ್ಕೆ ಮಡಚಿ ಕುರ್ಚಿಯಲ್ಲಿ ಕೂತು, "ಕೇಳಿ" ಎಂದಳು. ಅವನು ಕೇಳಿದ, ಅಡ್ಡಡ್ಡ, ಉದ್ದುದ್ದ, ಒಂದನ್ನೂ ಬಿಡದೆ. ಇಲ್ಲ, ಇಲ್ಲ, ಇಲ್ಲ ಎಂದಳು. ಸೂಜಿ ಒಳಗೆ ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಇಷ್ಟೆಲ್ಲ ಆದಮೇಲೂ ಕೈ ನಡುಗಿರಲಿಲ್ಲ. ಅದು ಅವನದೇ ಕೈ, ಅದನ್ನು ಯಾವ ಮಾತ್ರೆಯೂ ಮುಟ್ಟಿರಲಿಲ್ಲ. ಟೈಲರಮ್ಮನ ರಕ್ತ ಮತ್ತೆ ಬಂತು. ನಿನ್ನೆಯದೇ ಅಡ್ರಿನಲಿನ್ ಸೀಸೆ, ಬೇಕೆಂದೇ ಅದನ್ನೇ ತೆಗೆದುಕೊಂಡ. ಒಂದೊಂದು ಹನಿ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಎರಡು ಗೆರೆಗಳೂ ಏರಿದವು, ನಿಂತವು. ಆ ನಿಲುಗಡೆ ಅವನಿಗೆ ಹನ್ನೊಂದು ವರ್ಷಕ್ಕಿಂತ ಉದ್ದವೆನಿಸಿತು. ಆಮೇಲೆ ಹುಡುಗಿಯ ಗೆರೆ ಒಳಗಿಂದ ಯಾರೋ ಕೂಗಿದಂತೆ ಮೈ ಕೊಡವಿ ಗುಡ್ಡ ಹತ್ತಿತು, ಚೌಕಟ್ಟಿನ ಗೆರೆಗಿಂತ ಒಂದು ಕೂದಲೆಳೆ ಮೇಲಕ್ಕೇ. ಟೈಲರಮ್ಮನದು ಮೆಟ್ಟಿಲಿಳಿದು ಮನೆಗೆ ಹೋಯಿತು.

"ಸೀಸೆ ಚೆನ್ನಾಗೇ ಇತ್ತು" ಎಂದ.

"ಹೂಂ, ಚೆನ್ನಾಗೇ ಇತ್ತು" ಎಂದಳು.

ಅವಳೇ ಸರ್ಜನ್ನರಿಗೆ ಫೋನು ಮಾಡಿದಳು. ಹಾರ್ಮೋನು ಕಡಿಮೆಯಾದರೆ ಪ್ಲೇಟ್‌ಲೆಟ್ ಹೀಗೆ ಮಂಕಾಗುವುದುಂಟು, ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟು ಕೆಲವು ವಾರ ನೋಡೋಣ, ಆಮೇಲೂ ಹೀಗೇ ಇದ್ದರೆ ರಕ್ತ ನಿಲ್ಲಿಸುವ ಏರ್ಪಾಡು ಮಾಡಿಕೊಂಡೇ ಕತ್ತಿ ಇಡಬಹುದು ಎಂದು ಹೇಳಿದಳು. ಆ ಕಡೆಯ ದನಿ ದೂರ ನಿಂತ ಅವನಿಗೂ ಕೇಳುತ್ತಿತ್ತು. "ಇವತ್ತು ಕತ್ತು ಬಿಚ್ಚಿದ್ದಿದ್ದರೆ ಏನಾಗ್ತಿತ್ತು?" ಎಂದು ಕೇಳಿದ ಸರ್ಜನ್, ಜೀವಮಾನದಲ್ಲಿ ಮೊದಲ ಸಲ, ಉತ್ತರ ಹೇಳದೆ ಫೋನಿಟ್ಟರು.

ಅವನು ಸ್ಟೂಲು ಹತ್ತಿ ಗೋಡೆಯ ಚೌಕಟ್ಟಿಗೆ ಕೈ ಹಾಕಿದ. "ಇಳಿಸಬೇಡಿ" ಎಂದಳು ಹುಡುಗಿ. "ಅದು ಸುಳ್ಳಲ್ಲವಲ್ಲ. ಆವತ್ತಿನ ಮಟ್ಟಿಗೆ ನಿಜ."

"ಹಾಗಾದ್ರೆ ನನ್ನ ಇವತ್ತಿನ ಗೆರೇನೂ ಅದರ ಪಕ್ಕದಲ್ಲೇ ಇರಲಿ" ಎಂದು ಅವನು ಕೆಳಗಿಳಿದು, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಚಿದ. ಹನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದ, ಕೂತ ನೆನಪೇ ಇರಲಿಲ್ಲ. ಹುಡುಗಿ ಅವನೆದುರು ಬಂದು ನಿಂತಳು. ರಬ್ಬರ್ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು, ಕನ್ನಡಕವಿಲ್ಲದ ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಸರಿಪಡಿಸಿಕೊಂಡಳು, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ದಪ್ಪ ದನಿ ತೆಗೆದು, ಅಕ್ಷರ ಅಕ್ಷರವನ್ನೂ ತೂಗಿ, ಥೇಟ್ ಅವನಂತೆಯೇ ಕೇಳಿದಳು:

"ಕಳೆದ ಹತ್ತು ದಿನದಲ್ಲಿ ಏನಾದರೂ ಮಾತ್ರೆ ತಗೊಂಡಿದ್ದೀರಾ? ತಲೆನೋವಿಗೆ? ಅಂಗಡಿಯಲ್ಲಿ ಕೊಟ್ಟದ್ದು? ನೆಂಟರು ಕೊಟ್ಟದ್ದು?"

ಅವನಿಗೆ ನಗು ಬಂತು. ನಗಲಿಲ್ಲ. ಚೆನ್ನಾಗಿ ಮಾಡಿದಳು, ಆ ವಾಲಿಸುವುದನ್ನು ತಾನೇ ಗಮನಿಸಿರಲಿಲ್ಲ, ನನ್ನ ಶಿಷ್ಯೆ ಎಂದುಕೊಂಡ. ಬೆನ್ನು ನೆಟ್ಟಗೆ ಮಾಡಿಕೊಂಡು, ತೋಳನ್ನು ಬೆಳಕಿಗೆ ಚಾಚಿ, ಯಾರದ್ದೂ ಅಲ್ಲದ ದನಿಯಲ್ಲಿ ಹೇಳಿದ:

"ಹೌದು ಮೇಡಂ. ತಗೊಂಡಿದ್ದೀನಿ."